ಕೋಲ್ಡ್ ಸ್ಟೋರೇಜಿನ ಗ್ಯಾಸು: ಯಾವುದಕ್ಕೆ ಯಾವ ಕಾನೂನು, ಯಾರ ಲೆಕ್ಕ

ಮಂಡ್ಯ, ಮೈಸೂರಿನ ಸುತ್ತಮುತ್ತ ಆಹಾರ ತಂಪು ಮಾಡುವ ಯಂತ್ರಗಳನ್ನು ಹುಡುಕಿಕೊಂಡು ಹೊರಟರೆ ಮುಖ್ಯವಾಗಿ ಮೂರು ಕಡೆ ಸಿಗುತ್ತವೆ. ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ದಾಸ್ತಾನು ಇಡುವ ದೊಡ್ಡ ಕೋಲ್ಡ್ ಸ್ಟೋರೇಜು ಒಂದು. ಊರೂರಿನ ಹಾಲಿನ ಡೇರಿಯಲ್ಲಿರುವ ಬಿಎಂಸಿ, ಅಂದರೆ ಹಾಲನ್ನು ಅಲ್ಲೇ ತಣಿಸುವ ಸ್ಟೀಲ್ ಟ್ಯಾಂಕು, ಇನ್ನೊಂದು. ಹಣ್ಣಿನ ಮಂಡಿಯವರ ಬಾಳೆಕಾಯಿ ಮಾಗಿಸುವ ಕೋಣೆ ಮತ್ತೊಂದು. ತಂಪು ಮಾಡಲು ಪೈಪಿನೊಳಗೆ ಸುತ್ತುವ ಗ್ಯಾಸಾಗಿ ಮೊದಲನೆಯದರಲ್ಲಿ ಸಾಮಾನ್ಯವಾಗಿ ಅಮೋನಿಯ ಇರುತ್ತದೆ. ಬಿಎಂಸಿಯಲ್ಲಿ ಹಳೆಯದಾದರೆ ಆರ್-22, ಆಮೇಲೆ ಬಂದದ್ದಾದರೆ ಹೆಚ್ಚಾಗಿ ಆರ್-404ಎ. ಮಾಗಿಸುವ ಕೋಣೆಯಲ್ಲಿ ಆರ್-22, ಆರ್-410ಎ, ಆರ್-32, ಯಾವುದು ಸಿಕ್ಕಿತೋ ಅದು.

‘ಯಾವ ಗ್ಯಾಸ್ ಬ್ಯಾನ್ ಆಗಿದೆ?’ ಎಂದು ಮಾಲೀಕರು ಕೇಳುತ್ತಾರೆ. ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಗ್ಯಾಸಿನ ಮೇಲೆ ಕೆಲಸ ಮಾಡುವ ಕಾನೂನು ಒಂದಲ್ಲ, ಮೂರು ಎಳೆ. ಓಝೋನ್ ಪದರ ಹಾಳಾಗದಂತೆ ಇರುವ ನಿಯಮ ಒಂದು, ಭೂಮಿ ಬಿಸಿಯಾಗದಂತೆ ಮಾಡಿಕೊಂಡ ಒಪ್ಪಂದ ಇನ್ನೊಂದು, ಕೆಲಸಗಾರರ ಮತ್ತು ನೆರೆಹೊರೆಯವರ ಜೀವ ಕಾಯುವ ಸುರಕ್ಷತಾ ಕಾನೂನು ಮೂರನೆಯದು. ಮೊದಲೆರಡು ಮುಖ್ಯವಾಗಿ ಹಿಡಿಯುವುದು ಗ್ಯಾಸ್ ತಯಾರಿಸುವವರನ್ನು ಮತ್ತು ಆಮದು ಮಾಡುವವರನ್ನು. ಮದ್ದೂರಿನ ಡೇರಿ ಕಾರ್ಯದರ್ಶಿಗೆ ಅದು ತಟ್ಟುವುದು ಬಿಲ್ಲಿನ ರೂಪದಲ್ಲಿ ಮಾತ್ರ. ಮೂರನೆಯದು ನೇರವಾಗಿ ಮಾಲೀಕರ ಬಾಗಿಲಿಗೇ ಬರುತ್ತದೆ. ಮೊದಲೆರಡು ಕಾನೂನಿನ ಕಣ್ಣಿಗೆ ಏನೂ ತಪ್ಪಿಲ್ಲದ ಅಮೋನಿಯವೇ ಮೂರನೆಯದಕ್ಕೆ ಎಲ್ಲಕ್ಕಿಂತ ಬಿಗಿಯಾಗಿ ಸಿಕ್ಕಿಬೀಳುತ್ತದೆ. ಯಾವ ಗ್ಯಾಸನ್ನು ಆರಿಸಿದರೂ ಒಂದಲ್ಲ ಒಂದು ಕಡೆ ಲೆಕ್ಕ ಕೊಡಬೇಕು.

ಆರ್-22: ನಿಷೇಧವಲ್ಲ, ಬರ

ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 1992ರ ಜೂನ್‌ನಲ್ಲಿ. ಅದನ್ನು ದೇಶದೊಳಗೆ ಜಾರಿಗೆ ತಂದದ್ದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಬಂದ, ಓಝೋನ್ ಪದರಕ್ಕೆ ಹಾನಿ ಮಾಡುವ ವಸ್ತುಗಳ 2000ದ ನಿಯಮಗಳು. ಇವು ಕೇಂದ್ರದ ನಿಯಮಗಳು. ಸಿಎಫ್‌ಸಿಗಳು, ಅಂದರೆ ಆರ್-11ರಂಥ ಕ್ಲೋರಿನ್ ಇರುವ ಹಳೆಯ ಗ್ಯಾಸುಗಳು, ಅದರಲ್ಲೇ ಕೊನೆಗೊಂಡವು. ಆರ್-22 ಎಚ್‌ಸಿಎಫ್‌ಸಿ ಗುಂಪಿನದು. ಸಿಎಫ್‌ಸಿಯಷ್ಟು ಕೆಟ್ಟದ್ದಲ್ಲ, ಓಝೋನ್ ಹಾಳುಮಾಡುವ ಶಕ್ತಿ ಹಳೆಯ ಆರ್-11ಕ್ಕೆ 1 ಎಂದಿಟ್ಟರೆ ಇದಕ್ಕೆ 0.055. ಹಾಗಾಗಿ ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗಡುವು ಕೊಟ್ಟರು. 2009 ಮತ್ತು 2010ರ ಸರಾಸರಿ ಬಳಕೆಯನ್ನು 100 ಎಂದು ಇಟ್ಟುಕೊಂಡು, 2013ರಲ್ಲಿ ಅದಕ್ಕಿಂತ ಮೇಲೆ ಹೋಗದಂತೆ ತಡೆ, 2015ಕ್ಕೆ ಶೇ 10 ಇಳಿಕೆ, 2020ಕ್ಕೆ ಶೇ 35, 2025ಕ್ಕೆ ಶೇ 67.5. 2030ರ ಹೊತ್ತಿಗೆ ಪೂರ್ತಿ ನಿಲ್ಲಬೇಕು. ಇರುವ ಯಂತ್ರಗಳ ರಿಪೇರಿಗೆ ಮಾತ್ರ 2040ರವರೆಗೆ ವರ್ಷಕ್ಕೆ ಸರಾಸರಿ ಶೇ 2.5ರಷ್ಟು ಬಿಟ್ಟಿದ್ದಾರೆ. ಹೊಸ ಯಂತ್ರಗಳ ತಯಾರಿಕೆಯಲ್ಲಿ ಇದರ ಬಳಕೆಗೆ ಭಾರತ ಇಟ್ಟುಕೊಂಡ ಕೊನೆಯ ದಿನ 2024ರ ಡಿಸೆಂಬರ್ 31.

ಇದರ ಅರ್ಥ ಇಷ್ಟೇ: ನಿಮ್ಮ ಬಿಎಂಸಿಯಲ್ಲಿ ಆರ್-22 ಇದ್ದರೆ ಅದನ್ನು ಓಡಿಸುವುದು ತಪ್ಪಲ್ಲ, ಗ್ಯಾಸ್ ಹಾಕಿಸುವುದೂ ತಪ್ಪಲ್ಲ. ಆದರೆ 100 ಇದ್ದ ಜಾಗದಲ್ಲಿ ದೇಶಕ್ಕೆಲ್ಲ ಈಗ ಉಳಿದಿರುವುದು 32.5. ಎಸಿಯವರು, ಐಸ್ ಫ್ಯಾಕ್ಟರಿಯವರು, ಡೇರಿಯವರು ಎಲ್ಲರೂ ಅದಕ್ಕೇ ಕೈಚಾಚುತ್ತಾರೆ. ವರ್ಷಕ್ಕೆ ಎರಡು ಸಲ ಗ್ಯಾಸ್ ಕುಡಿಯುವ ಯಂತ್ರ ಇಟ್ಟುಕೊಂಡವರಿಗೆ ಮೊದಲು ಕಷ್ಟ. ಲೀಕ್ ಇಲ್ಲದ ಆರ್-22 ಯಂತ್ರವನ್ನು ಹೆದರಿ ಗುಜರಿಗೆ ಹಾಕಬೇಕಾದ ಅಗತ್ಯವೇನೂ ಇಲ್ಲ. ಅದರ ಕಾಂಪ್ರೆಸರ್ ಸುಟ್ಟ ದಿನ ಏನು ಮಾಡಬೇಕು ಎಂಬುದನ್ನು ಮಾತ್ರ ಈಗಲೇ ನಿರ್ಧರಿಸಿ ಇಟ್ಟುಕೊಳ್ಳಬೇಕು. ಏಕೆಂದರೆ ಆ ದಿನ ಟ್ಯಾಂಕಿನಲ್ಲಿ ಹಾಲು ಇರುತ್ತದೆ, ಯೋಚಿಸಲು ಸಮಯ ಇರುವುದಿಲ್ಲ.

ಮೆಕ್ಯಾನಿಕ್ ಹೇಳುವ ಸುಲಭದ ದಾರಿ ‘ಆರ್-22 ತೆಗೆದು 404 ಹಾಕಿಬಿಡೋಣ’. ಅದು ಸಿಲಿಂಡರ್ ಬದಲಿಸಿದಷ್ಟು ಸುಲಭವಲ್ಲ. ಆರ್-22 ಯಂತ್ರದಲ್ಲಿ ಮಿನರಲ್ ಎಣ್ಣೆ ಇರುತ್ತದೆ. ಅದು ಆರ್-404ಎ ಜೊತೆ ಬೆರೆಯುವುದಿಲ್ಲ. ಎಣ್ಣೆ ಕಾಂಪ್ರೆಸರಿಗೆ ವಾಪಸ್ ಬಾರದೆ ತಣ್ಣನೆಯ ಕಾಯಿಲಿನಲ್ಲೇ ಕೂತುಬಿಡುತ್ತದೆ. ಆದ್ದರಿಂದ ಹಳೆಯ ಎಣ್ಣೆ ತೆಗೆದು ಪಿಒಇ ಎಂಬ ಸಿಂಥೆಟಿಕ್ ಎಣ್ಣೆ ಹಾಕಿ, ಓಡಿಸಿ, ಮತ್ತೆ ತೆಗೆದು ಮತ್ತೆ ಹಾಕಿ, ಹಳೆಯದು ಶೇ 5ಕ್ಕಿಂತ ಕಡಿಮೆ ಉಳಿಯುವವರೆಗೆ ತೊಳೆಯಬೇಕು. ಎಕ್ಸ್‌ಪಾನ್ಷನ್ ವಾಲ್ವು, ಫಿಲ್ಟರ್ ಡ್ರೈಯರ್ ಬದಲಾಗಬೇಕು. ಒತ್ತಡವೂ ಬೇರೆ: ಗ್ಯಾಸು ಬಿಸಿ ಬಿಟ್ಟು ದ್ರವವಾಗುವ ಕಂಡೆನ್ಸರ್ 40 ಡಿಗ್ರಿಯಲ್ಲಿದ್ದಾಗ ಆರ್-22 ಗೇಜಿನಲ್ಲಿ ಸುಮಾರು 14.3 ಬಾರ್ ತೋರಿಸಿದರೆ ಆರ್-404ಎ 17 ಬಾರ್ ದಾಟುತ್ತದೆ. ಹತ್ತು ಹದಿನೈದು ವರ್ಷ ಬಿಸಿಲು ತಿಂದ ಕಂಡೆನ್ಸರಿನ ಬೆಸುಗೆ ಅದನ್ನು ತಡೆಯುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಇದಕ್ಕಿಂತ ಆರ್-22ಕ್ಕೆ ಹತ್ತಿರದ ಒತ್ತಡದಲ್ಲಿ ಓಡುವ ಆರ್-407ಸಿ ಬಿಎಂಸಿಯ ಮಟ್ಟದ ತಂಪಿಗೆ ಹೊಂದುತ್ತದೆ. ಅದಕ್ಕೂ ಪಿಒಇ ಎಣ್ಣೆಯೇ ಬೇಕು. ಮೂರು ಗ್ಯಾಸುಗಳ ಮಿಶ್ರಣವಾದ್ದರಿಂದ ಸಿಲಿಂಡರಿನಿಂದ ದ್ರವರೂಪದಲ್ಲೇ ತುಂಬಬೇಕು. ಆವಿಯಾಗಿ ತುಂಬಿದರೆ ಬೇಗ ಆವಿಯಾಗುವ ಭಾಗ ಮೊದಲು ಬಂದು ಮಿಶ್ರಣದ ಹದ ಕೆಡುತ್ತದೆ.

ಆರ್-22 ಯಂತ್ರಕ್ಕೆ ಪ್ರೊಪೇನ್ ಅಥವಾ ಇನ್ನಾವುದೋ ಹೈಡ್ರೋಕಾರ್ಬನ್ ಗ್ಯಾಸ್ ತುಂಬುವುದು ಇನ್ನೊಂದು ದಾರಿ. ತಣ್ಣಗೂ ಆಗುತ್ತದೆ, ಕರೆಂಟೂ ಉಳಿಯುತ್ತದೆ. ಆದರೆ ಆ ಯಂತ್ರದ ಕಾಂಟ್ಯಾಕ್ಟರು, ಪ್ರೆಷರ್ ಸ್ವಿಚ್ಚು, ಟರ್ಮಿನಲ್ ಡಬ್ಬಿ ಯಾವುದೂ ಕಿಡಿ ಹೊರಬಾರದಂತೆ ಮಾಡಿದ್ದಲ್ಲ. ಐದಾರು ಕಿಲೋ ಉರಿಯುವ ಗ್ಯಾಸ್ ಕಿಟಕಿ ಮುಚ್ಚಿದ ಡೇರಿ ಕೋಣೆಯಲ್ಲಿ ಸೋರಿದರೆ, ಕಾಂಪ್ರೆಸರ್ ಆನ್ ಆಗುವ ಒಂದು ಕಿಡಿ ಸಾಕು. ಅಡುಗೆ ಅನಿಲಕ್ಕೆ ಹಾಕುವ ವಾಸನೆಯೂ ಇದಕ್ಕೆ ಇರುವುದಿಲ್ಲ. ಹೈಡ್ರೋಕಾರ್ಬನ್ ಒಳ್ಳೆಯ ಗ್ಯಾಸೇ, ಅದಕ್ಕೆಂದೇ ಮಾಡಿದ ಯಂತ್ರದಲ್ಲಿ. ಸಣ್ಣ ಫ್ರೀಜರುಗಳಿಗೆ ಅಂತರರಾಷ್ಟ್ರೀಯ ಮಾನದಂಡ ಇಂಥ ಗ್ಯಾಸಿನ ಮಿತಿಯನ್ನು 150 ಗ್ರಾಂನಿಂದ ಪ್ರೊಪೇನಿಗೆ ಸುಮಾರು 500 ಗ್ರಾಂವರೆಗೆ ಏರಿಸಿದ್ದು 2019ರಲ್ಲಷ್ಟೇ.

ಆರ್-404ಎ: ಓಝೋನ್ ಪಾಸ್, ಬಿಸಿಯಲ್ಲಿ ಫೇಲ್

ಆರ್-404ಎಯಲ್ಲಿ ಕ್ಲೋರಿನ್ ಇಲ್ಲ, ಹಾಗಾಗಿ ಓಝೋನಿಗೆ ತೊಂದರೆ ಇಲ್ಲ. ಆದರೆ ಒಂದು ಕಿಲೋ ಗ್ಯಾಸ್ ಗಾಳಿಗೆ ಸೇರಿದರೆ ನೂರು ವರ್ಷದಲ್ಲಿ ಎಷ್ಟು ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ, ಅಂದರೆ ಜಿಡಬ್ಲ್ಯುಪಿಯಲ್ಲಿ, ಇದರ ಅಂಕಿ 3922. ಆರ್-22ಕ್ಕೆ 1810, ಆರ್-410ಎಗೆ 2088, ಆರ್-134ಎಗೆ 1430, ಆರ್-32ಕ್ಕೆ 675, ಪ್ರೊಪೇನಿಗೆ 3, ಅಮೋನಿಯಕ್ಕೆ ಸೊನ್ನೆ. ಆರ್-22 ಬಿಟ್ಟು ಆರ್-404ಎಗೆ ಹೋದವರು ಓಝೋನಿನ ಸಾಲ ತೀರಿಸಲು ಬಿಸಿಯ ಸಾಲವನ್ನು ದುಪ್ಪಟ್ಟು ಮಾಡಿಕೊಂಡರು ಎನ್ನಬೇಕು.

ಈ ಎರಡನೆಯ ಎಳೆಗೆ ಆಧಾರ ಕಿಗಾಲಿ ತಿದ್ದುಪಡಿ. ರುವಾಂಡಾದ ಕಿಗಾಲಿಯಲ್ಲಿ 2016ರ ಅಕ್ಟೋಬರ್ 15ರಂದು ಒಪ್ಪಿಗೆಯಾದದ್ದು, ಭಾರತ ಅನುಮೋದಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ನಮ್ಮ ಲೆಕ್ಕ ಹೀಗಿದೆ: 2024, 2025, 2026 ಈ ಮೂರು ವರ್ಷದ ಎಚ್‌ಎಫ್‌ಸಿ (ಆರ್-404ಎಯಂಥ ಕ್ಲೋರಿನ್ ಇಲ್ಲದ ಗ್ಯಾಸುಗಳು) ಬಳಕೆಯ ಸರಾಸರಿಗೆ ಹಳೆಯ ಎಚ್‌ಸಿಎಫ್‌ಸಿ ಮೂಲ ಅಂಕಿಯ ಶೇ 65 ಸೇರಿಸಿ ಹೊಸ ಮೂಲ ಅಂಕಿ. 2028ರಿಂದ ಅದಕ್ಕಿಂತ ಮೇಲೆ ಹೋಗುವಂತಿಲ್ಲ. 2032ಕ್ಕೆ ಶೇ 10, 2037ಕ್ಕೆ ಶೇ 20, 2042ಕ್ಕೆ ಶೇ 30, 2047ಕ್ಕೆ ಶೇ 85 ಇಳಿಕೆ.

ಮೊದಲ ಮೆಟ್ಟಿಲುಗಳು ಸಣ್ಣವು, 2047 ದೂರ ಎಂದು ನಿರಾಳವಾಗುವ ಮೊದಲು ಒಂದು ಸೂಕ್ಷ್ಮ ಗಮನಿಸಬೇಕು. ಈ ಕೋಟಾವನ್ನು ಅಳೆಯುವುದು ಗ್ಯಾಸಿನ ಕಿಲೋದಲ್ಲಲ್ಲ, ಅದರ ಜಿಡಬ್ಲ್ಯುಪಿಯಿಂದ ಗುಣಿಸಿದ ಟನ್ನಿನಲ್ಲಿ. ಒಂದು ಕಿಲೋ ಆರ್-404ಎ ತಿನ್ನುವ ಕೋಟಾದಲ್ಲಿ 5.8 ಕಿಲೋ ಆರ್-32 ಮಾಡಬಹುದು. ಕೋಟಾ ಬಿಗಿಯಾದಾಗ ತಯಾರಕರು ಮೊದಲು ಕೈಬಿಡುವುದು ಯಾವುದನ್ನು ಎಂದು ಊಹಿಸುವುದು ಕಷ್ಟವಲ್ಲ. ಯುರೋಪಿನಲ್ಲಿ ಇದು ಆಗಿಹೋಗಿದೆ. ಜಿಡಬ್ಲ್ಯುಪಿ 2500 ಮೀರಿದ ಹೊಸ ಗ್ಯಾಸನ್ನು 40 ಟನ್ ಇಂಗಾಲದ ಡೈಆಕ್ಸೈಡಿಗೆ ಸಮಾನಕ್ಕಿಂತ ಹೆಚ್ಚು ಗ್ಯಾಸು ಹಿಡಿಯುವ ಶೈತ್ಯ ಯಂತ್ರಗಳ ರಿಪೇರಿಗೆ ಬಳಸುವುದನ್ನೂ ಅಲ್ಲಿ 2020ರ ಆರಂಭದಿಂದ ನಿಲ್ಲಿಸಿದರು. ಆರ್-404ಎ ಲೆಕ್ಕದಲ್ಲಿ 40 ಟನ್ ಅಂದರೆ ಹತ್ತು ಕಿಲೋ ಚಿಲ್ಲರೆ, ಒಂದು ದೊಡ್ಡ ಬಿಎಂಸಿಯ ಗ್ಯಾಸು. ಇಲ್ಲಿ ಅಂಥ ನಿರ್ಬಂಧ ಮಾಲೀಕರ ಮೇಲೆ ಇಲ್ಲ. ಆದರೂ ಹದಿನೈದು ವರ್ಷ ಓಡಬೇಕಾದ ಹೊಸ ಯಂತ್ರವನ್ನು ಈಗ ಆರ್-404ಎಯಲ್ಲಿ ಕೊಳ್ಳುವುದು ನಮ್ಮ ಅಭಿಪ್ರಾಯದಲ್ಲಿ ಬುದ್ಧಿವಂತಿಕೆಯಲ್ಲ.

ಗ್ಯಾಸ್ ‘ಕಮ್ಮಿ’ ಆಗುವುದಿಲ್ಲ

ಡೀಸೆಲ್ ಹಾಗೆ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ‘ಸ್ವಲ್ಪ ಗ್ಯಾಸ್ ಕಮ್ಮಿಯಾಗಿದೆ ಸಾರ್’ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ಅದನ್ನು ಹುಡುಕದೆ ಮೇಲೆ ಮೇಲೆ ತುಂಬಿಸುವುದು ನಮ್ಮ ಕಡೆ ರೂಢಿಯಾಗಿಹೋಗಿದೆ.

ಒಂದು ಲೆಕ್ಕ ನೋಡಿ. ಬಿಎಂಸಿಯ ಒಟ್ಟು ಚಾರ್ಜು, ಅಂದರೆ ಒಳಗೆ ತುಂಬಿದ ಗ್ಯಾಸು, 8 ಕಿಲೋ ಆರ್-404ಎ. ವರ್ಷಕ್ಕೆ ಎರಡು ಸಲ ಒಂದೂವರೆ ಕಿಲೋ ಹಾಕಿಸುತ್ತೀರಿ. 3ನ್ನು 8ರಿಂದ ಭಾಗಿಸಿದರೆ ಸೋರಿಕೆ ವರ್ಷಕ್ಕೆ ಶೇ 37.5. ಆ 3 ಕಿಲೋ ಅಂದರೆ 11.8 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ, ಸರಿಸುಮಾರು 4,400 ಲೀಟರ್ ಡೀಸೆಲ್ ಉರಿಸಿದಷ್ಟು. ಹವಾಮಾನದ ಮಾತು ಪಕ್ಕಕ್ಕಿಟ್ಟರೂ ಹಾಲಿನ ಲೆಕ್ಕ ಇದೆ. 1,000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಮೂರು ಗಂಟೆಯಲ್ಲಿ ಇಳಿಸಲು ಸುಮಾರು 11.6 ಕಿಲೋವ್ಯಾಟ್ ತಂಪು ಬೇಕು, ಎಸಿಯವರ ಹಳೆಯ ಮಾತಿನಲ್ಲಿ 3.3 ಟನ್. ಗ್ಯಾಸ್ ಕಾಲುಭಾಗ ಸೋರಿದ ಯಂತ್ರಕ್ಕೆ ಅದು ಆಗುವುದಿಲ್ಲ. ಪೈಪಿನ ಗಾಜಿನ ಕಿಂಡಿಯಲ್ಲಿ, ಅಂದರೆ ಸೈಟ್ ಗ್ಲಾಸಿನಲ್ಲಿ, ಗುಳ್ಳೆ ಓಡುತ್ತಿರುತ್ತದೆ, ಸಕ್ಷನ್ (ಗ್ಯಾಸು ಕಾಂಪ್ರೆಸರಿಗೆ ವಾಪಸ್ ಬರುವ ಕಡೆಯ) ಒತ್ತಡ ಕುಸಿದಿರುತ್ತದೆ, ಸಕ್ಷನ್ ಗ್ಯಾಸಿನಿಂದಲೇ ತಣಿಯಬೇಕಾದ ಕಾಂಪ್ರೆಸರ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ, ಮೂರು ಗಂಟೆಯ ಕೆಲಸ ಐದಾಗುತ್ತದೆ. ಅಷ್ಟರಲ್ಲಿ ಹಾಲಿನ ಹುಳಿ ಏರಿರುತ್ತದೆ, ವಿದ್ಯುತ್ ಬಿಲ್ಲೂ ಏರಿರುತ್ತದೆ.

ಯುರೋಪಿನ ನಿಯಮದಲ್ಲಿ ಯಂತ್ರದೊಳಗಿನ ಗ್ಯಾಸು 5 ಟನ್ ಸಮಾನ ದಾಟಿದರೆ ವರ್ಷಕ್ಕೊಮ್ಮೆ, 50 ದಾಟಿದರೆ ಆರು ತಿಂಗಳಿಗೊಮ್ಮೆ, 500 ದಾಟಿದರೆ ಮೂರು ತಿಂಗಳಿಗೊಮ್ಮೆ ಲೀಕ್ ತಪಾಸಣೆ ಕಡ್ಡಾಯ. ನಮಗೆ ಇದು ಕಾನೂನಲ್ಲ. ಆದರೆ ಒಳ್ಳೆಯ ಅಳತೆಗೋಲು. ಮೇಲಿನ ಬಿಎಂಸಿ 8 ಗುಣಿಸು 3922, ಅಂದರೆ 31 ಟನ್ ಚಿಲ್ಲರೆ. ವರ್ಷಕ್ಕೊಮ್ಮೆ ಸಾಕು. ಬೇಸಿಗೆಗೆ ಮೊದಲು, ಫೆಬ್ರವರಿಯಲ್ಲಿ ಮಾಡಿಸಿದರೆ ಒಳ್ಳೆಯದು.

ತಪಾಸಣೆ ಎಂದರೆ ಫ್ಲೇರ್ ನಟ್ಟು, ಸರ್ವಿಸ್ ವಾಲ್ವಿನ ಪಿನ್ನು, ಕಂಡೆನ್ಸರಿನ ಯು ಬೆಂಡು, ಒಂದಕ್ಕೊಂದು ತಾಗಿ ಸವೆಯುವ ಸಣ್ಣ ಪೈಪು, ಇವನ್ನು ಸೋಪು ನೀರು ಅಥವಾ ಎಲೆಕ್ಟ್ರಾನಿಕ್ ಡಿಟೆಕ್ಟರಿನಿಂದ ನೋಡುವುದು. ಎಣ್ಣೆ ಜಿನುಗಿ ಧೂಳು ಹಿಡಿದ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಗ್ಯಾಸ್ ಪೂರ್ತಿ ಹೋಗಿದ್ದರೆ ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಬೇಕು. ಆಕ್ಸಿಜನ್ ಸಿಲಿಂಡರ್ ಕೈಗೆ ಸಿಕ್ಕಿತೆಂದು ಅದನ್ನು ತುಂಬಿದರೆ ಎಣ್ಣೆಯೊಡನೆ ಸೇರಿ ಕಾಂಪ್ರೆಸರ್ ಸಿಡಿಯುತ್ತದೆ. ರಾತ್ರಿ ಬಿಟ್ಟು ಬೆಳಗ್ಗೆ ನೋಡುವಾಗ ತಾಪಮಾನದ ವ್ಯತ್ಯಾಸ ಕಳೆಯಲು ಮರೆಯಬಾರದು. ಮಧ್ಯಾಹ್ನ 35 ಡಿಗ್ರಿಯಲ್ಲಿ ಗೇಜು 10 ಬಾರ್ ಇದ್ದದ್ದು ಬೆಳಗಿನ 25 ಡಿಗ್ರಿಗೆ ತಾನಾಗಿಯೇ 9.6ರ ಆಸುಪಾಸಿಗೆ ಇಳಿಯುತ್ತದೆ. ಅದು ಲೀಕ್ ಅಲ್ಲ.

ಮೈಸೂರಿಗೇ ವಿಶೇಷವಾದ ಒಂದು ಗೊಂದಲವೂ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡವೇ ಸುಮಾರು 925 ಮಿಲಿಬಾರ್. ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿ ತೆಗೆಯಲು ವ್ಯಾಕ್ಯೂಮ್ ಎಳೆಯುವಾಗ ಕಾಂಪೌಂಡ್ ಗೇಜಿನ ಮುಳ್ಳು ಎಷ್ಟು ಹೊತ್ತು ಕಾದರೂ 30 ಇಂಚಿಗೆ ಬರುವುದಿಲ್ಲ, 27ರ ಹತ್ತಿರ ನಿಲ್ಲುತ್ತದೆ. ಪಂಪು ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ, ಮುಳ್ಳು ನಿಂತಿತಲ್ಲ ಎಂದು ಹತ್ತೇ ನಿಮಿಷಕ್ಕೆ ಪಂಪು ಬಿಚ್ಚುವವರೂ ಇದ್ದಾರೆ. ಎರಡೂ ತಪ್ಪು. ಪೈಪಿನೊಳಗಿನ ತೇವ ಹೋಗಿದೆಯೇ ಎಂಬುದು ಆ ಗೇಜಿನಲ್ಲಿ ಗೊತ್ತಾಗುವುದೇ ಇಲ್ಲ, ಅದಕ್ಕೆ ಅತಿ ಸಣ್ಣ ಒತ್ತಡ ಅಳೆಯುವ ಮೈಕ್ರಾನ್ ಗೇಜು ಬೇಕು. 500 ಮೈಕ್ರಾನಿಗಿಂತ ಕೆಳಗೆ ಎಳೆದು, ವಾಲ್ವು ಮುಚ್ಚಿ, ಅಂಕಿ ಏರದೆ ನಿಂತರೆ ಮಾತ್ರ ಗ್ಯಾಸ್ ಬಿಡಬೇಕು. ಪಿಒಇ ಎಣ್ಣೆ ತೇವವನ್ನು ಹೀರಿ ಆಮ್ಲವಾಗುತ್ತದೆ. ಕಾಂಪ್ರೆಸರಿನ ವೈಂಡಿಂಗ್ ಸುಡುವುದಕ್ಕೆ ಅದೊಂದು ದೊಡ್ಡ ಕಾರಣ.

ಬರ ಬಂದಾಗ ಕಲಬೆರಕೆಯೂ ಬರುತ್ತದೆ. ಓಝೋನ್ ನಿಯಮದ ಪ್ರಕಾರ ಆರ್-22 ಮಾರುವವರು ನೋಂದಣಿ ಮಾಡಿಸಿಕೊಂಡು ಲೆಕ್ಕ ಇಟ್ಟಿರಬೇಕು. ಬಿಲ್ ಕೇಳಿ ಪಡೆಯಿರಿ. ಸಿಲಿಂಡರನ್ನು ನೆರಳಿನಲ್ಲಿ ಕೆಲವು ಗಂಟೆ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಗೇಜು ಹಾಕಿ ನೋಡಿ. 30 ಡಿಗ್ರಿಯಲ್ಲಿ ಆರ್-22 ಸುಮಾರು 158 ಪಿಎಸ್‌ಐ, ಆರ್-404ಎ 190ರ ಆಸುಪಾಸು, ಆರ್-134ಎ 97 ತೋರಿಸಬೇಕು. ಹತ್ತಿಪ್ಪತ್ತು ಪಿಎಸ್‌ಐ ಆಚೀಚೆ ಇದ್ದರೆ ಒಳಗಿರುವುದು ಬೇರೆ ಏನೋ. ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಗ್ಯಾಸು 2011ರಲ್ಲಿ ಹಡಗಿನ ಶೀತಲ ಕಂಟೇನರುಗಳಲ್ಲಿ ಸ್ಫೋಟಕ್ಕೆ ಕಾರಣವಾಗಿತ್ತು. ಅದು ಅಲ್ಯುಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಬಿಲ್ಲಿನಲ್ಲಿ ‘ಗ್ಯಾಸ್ ಚಾರ್ಜಿಂಗ್, ಒಟ್ಟು ಇಷ್ಟು’ ಎಂದು ಬರೆಸಿಕೊಳ್ಳಬೇಡಿ. ತುಂಬುವ ಮೊದಲು, ತುಂಬಿದ ಮೇಲೆ ಸಿಲಿಂಡರ್ ತೂಗಿಸಿ, ಕಿಲೋ ಲೆಕ್ಕ ಬರೆಸಿ.

ಅಮೋನಿಯ: ರಾಜ್ಯ ಸರ್ಕಾರ ನೋಡುವುದು ಇದನ್ನು

ದೊಡ್ಡ ಸ್ಟೋರೇಜುಗಳಿಗೆ ಅಮೋನಿಯವನ್ನು ಮೀರಿಸುವ ಗ್ಯಾಸ್ ಇನ್ನೂ ಬಂದಿಲ್ಲ. ಅಗ್ಗ, ಕರೆಂಟು ಕಡಿಮೆ ತಿನ್ನುತ್ತದೆ, ಓಝೋನಿಗೂ ಹವಾಮಾನಕ್ಕೂ ಸೊನ್ನೆ, ಲೀಕ್ ಆದರೆ ಮೂಗೇ ಹೇಳುತ್ತದೆ. ತೊಂದರೆ ಒಂದೇ: ಅದು ವಿಷ.

ಎಷ್ಟು ವಿಷ ಎಂಬುದನ್ನು ಒಂದು ಕೋಣೆಯ ಮೇಲೆ ಲೆಕ್ಕ ಹಾಕೋಣ. ಕಾಂಪ್ರೆಸರ್ ಕೋಣೆ 10 ಮೀಟರ್ ಉದ್ದ, 8 ಅಗಲ, 5 ಎತ್ತರ ಇದೆ ಎಂದುಕೊಳ್ಳಿ, 400 ಘನ ಮೀಟರ್. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವವರಿಗೆ ಅಮೋನಿಯದ ಮಿತಿ 25 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ. ಈ ಕೋಣೆಯಲ್ಲಿ ಅಷ್ಟಾಗಲು 7 ಗ್ರಾಂ ಸಾಕು. ಜೀವಕ್ಕೆ ತಕ್ಷಣ ಅಪಾಯ ಎನ್ನುವ ಮಟ್ಟ 300 ಪಿಪಿಎಂ. ಅದಕ್ಕೆ ಬೇಕಾದದ್ದು ಸುಮಾರು 83 ಗ್ರಾಂ. ಹೊತ್ತಿಕೊಳ್ಳಲು ಗಾಳಿಯಲ್ಲಿ ಶೇ 15ರಷ್ಟು ಇರಬೇಕು. ಅದಕ್ಕೆ 40 ಕಿಲೋ ಮೇಲೆ ಬೇಕು. ದೊಡ್ಡ ಸ್ಟೋರೇಜಿನ ಪೈಪು, ರಿಸೀವರ್‌ಗಳಲ್ಲಿ (ದ್ರವ ತುಂಬಿಡುವ ಟ್ಯಾಂಕುಗಳಲ್ಲಿ) ಅಮೋನಿಯ ಇರುವುದು ಟನ್ನಿನ ಲೆಕ್ಕದಲ್ಲಿ. ಬೆಂಕಿಗಿಂತ ಉಸಿರಿನ ಅಪಾಯ ಎಷ್ಟೋ ಮುಂಚೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಕಾರ್ಖಾನೆ ಕಾನೂನು ಇಲ್ಲಿ ಹೇಗೆ ಬರುತ್ತದೆ ಎಂದು ಕೆಲವರಿಗೆ ಆಶ್ಚರ್ಯ, ‘ನಾವು ಏನನ್ನೂ ತಯಾರಿಸುವುದಿಲ್ಲವಲ್ಲ, ಇಟ್ಟುಕೊಳ್ಳುತ್ತೇವೆ ಅಷ್ಟೆ’ ಎಂದು. 1948ರ ಕಾರ್ಖಾನೆ ಕಾಯ್ದೆ ಯಾವುದೇ ವಸ್ತುವನ್ನು ಕೋಲ್ಡ್ ಸ್ಟೋರೇಜಿನಲ್ಲಿ ಕಾಪಾಡುವುದನ್ನೂ ಸಂಗ್ರಹಿಸುವುದನ್ನೂ ತಯಾರಿಕಾ ಪ್ರಕ್ರಿಯೆ ಎಂದೇ ಹೇಳಿತು. ಅದರ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಸುಗ್ಗಿಯಲ್ಲಿ ಮೂಟೆ ಇಳಿಸಲು ಬರುವ ಹಮಾಲರನ್ನು ಗುತ್ತಿಗೆದಾರನ ಮೂಲಕ ಕರೆಸಿದರೂ ಎಣಿಕೆಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಜಾರಿ ಮಾಡುವುದು ರಾಜ್ಯದ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ನಕ್ಷೆಗೆ ಒಪ್ಪಿಗೆ, ನೋಂದಣಿ, ಒತ್ತಡದ ಪಾತ್ರೆಗಳ ನಿಯತ ಪರೀಕ್ಷೆ, ಇವು ಅವರು ಕೇಳುವ ಕಾಗದಗಳು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನೆಗೆ ಒಂದು, ನಡೆಸುವುದಕ್ಕೆ ಒಂದು ಸಮ್ಮತಿ ಪತ್ರ ಬೇಕು. ಸಿಲಿಂಡರುಗಳ ವಿಷಯ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ ನೋಡುವ 2016ರ ಗ್ಯಾಸ್ ಸಿಲಿಂಡರ್ ನಿಯಮಗಳದು. ಕೈಯಲ್ಲಿರಲಿ ಎಂದು ಸಿಲಿಂಡರುಗಳನ್ನು ಗೋಡೆಗೆ ಒರಗಿಸಿ ಕೂಡಿಡುವವರು ಇದನ್ನು ಓದಿಕೊಳ್ಳಬೇಕು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳ ದೊಡ್ಡ ಅವಘಡದ ಭಾಗ ಅಮೋನಿಯ ಹತ್ತಾರು ಟನ್ ದಾಟಿದಾಗ ಬರುತ್ತದೆ. ನಮ್ಮ ಕಡೆಯ ಸಾಮಾನ್ಯ ಸ್ಟೋರೇಜು ಅಷ್ಟು ದೂರ ಹೋಗುವುದಿಲ್ಲ.

ಕಾಗದ ಇದ್ದೂ ಅವಘಡ ಆಗುವ ಜಾಗಗಳು ಬೇರೆ. ಮೊದಲನೆಯದು ಎಣ್ಣೆ ಬಸಿಯುವ ಕೆಲಸ. ಅಮೋನಿಯ ಎಣ್ಣೆಯೊಡನೆ ಬೆರೆಯುವುದಿಲ್ಲ. ಎಣ್ಣೆ ಭಾರ, ರಿಸೀವರ್, ಅಕ್ಯುಮುಲೇಟರುಗಳ ತಳದಲ್ಲಿ ಕೂರುತ್ತದೆ. ಅದನ್ನು ಆಗಾಗ ತೆಗೆಯಲೇಬೇಕು. ತಳದ ವಾಲ್ವು ತಿರುಗಿಸಿ ಬಕೆಟ್ ಇಡುವುದು ಹಳೆಯ ಅಭ್ಯಾಸ. ತಣ್ಣನೆಯ ಎಣ್ಣೆ ಗಟ್ಟಿಯಾಗಿ ವಾಲ್ವಿಗೆ ಅಡ್ಡ ನಿಂತಿರುತ್ತದೆ. ಆಪರೇಟರು ಇನ್ನೂ ಸ್ವಲ್ಪ ತಿರುಗಿಸುತ್ತಾನೆ. ಎಣ್ಣೆ ಒಮ್ಮೆಗೇ ಜಾರಿಹೋಗಿ ಹಿಂದೆಯೇ ದ್ರವ ಅಮೋನಿಯ ಮುಖಕ್ಕೆ ಹಾರುತ್ತದೆ, ಆಗ ವಾಲ್ವು ಮುಚ್ಚಲು ಅದರ ಹತ್ತಿರ ಹೋಗಲಿಕ್ಕೇ ಆಗುವುದಿಲ್ಲ. ಸರಿಯಾದ ಕ್ರಮದಲ್ಲಿ ನಡುವೆ ಒಂದು ಆಯಿಲ್ ಪಾಟ್ ಇರುತ್ತದೆ. ಎಣ್ಣೆಯನ್ನು ಅದಕ್ಕೆ ಇಳಿಸಿಕೊಂಡು ಮೇಲಿನ ವಾಲ್ವು ಮುಚ್ಚಬೇಕು, ಪಾಟನ್ನು ಸಕ್ಷನ್ ಲೈನಿಗೆ ತೆರೆದು ಒಳಗಿನ ಅಮೋನಿಯ ಕುದಿದು ಹೋಗಲು ಬಿಡಬೇಕು. ಪಾಟಿನ ಹೊರಗಿನ ಹಿಮ ಕರಗಿ ಅದು ಕೋಣೆಯ ಬಿಸಿಗೆ ಬಂದ ಮೇಲೆ ಸಕ್ಷನ್ ವಾಲ್ವು ಮುಚ್ಚಿ, ಆಗ ಬಸಿಯಬೇಕು. ಬಸಿಯುವ ಕಡೆ ಕೈ ತೆಗೆದರೆ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ವಾಲ್ವು ಇರಬೇಕು. ಅದರ ಹಿಡಿಗೆ ತಂತಿ ಕಟ್ಟಿ ಟೀ ಕುಡಿಯಲು ಹೋದರೆ ವಾಲ್ವು ಇದ್ದೂ ಇಲ್ಲದಂತೆ. ಇಬ್ಬರು ಇರಬೇಕು, ಅಮೋನಿಯ ಮಾಸ್ಕು ಹಾಕಿಕೊಂಡಿರಬೇಕು.

ಎರಡನೆಯದು ಎರಡು ಮುಚ್ಚಿದ ವಾಲ್ವುಗಳ ನಡುವೆ ಸಿಕ್ಕಿಕೊಂಡ ದ್ರವ. ತಣ್ಣನೆಯ ದ್ರವ ಪೈಪು ತುಂಬಿದೆ, ಎರಡೂ ಕಡೆ ಮುಚ್ಚಿದ್ದೀರಿ, ಹೊರಗೆ ಏಪ್ರಿಲ್ ಬಿಸಿಲು. ಹಿಗ್ಗುವುದಕ್ಕೆ ಜಾಗ ಇಲ್ಲದ ದ್ರವ ಕೆಲವೇ ಡಿಗ್ರಿ ಬಿಸಿಯಾದರೂ ಪೈಪನ್ನು ಸೀಳುತ್ತದೆ. ಅಂಥ ತುಂಡು ಪೈಪಿಗೆ ರಿಲೀಫ್ ವಾಲ್ವು ಇರಬೇಕು, ಇಲ್ಲವಾದರೆ ಒಂದು ವಾಲ್ವಿಗೆ ‘ಮುಚ್ಚಬೇಡಿ’ ಎಂಬ ಫಲಕ ಮತ್ತು ಬೀಗ. ರಿಸೀವರಿನ ರಿಲೀಫ್ ವಾಲ್ವುಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದು ಅಮೋನಿಯದವರಲ್ಲಿ ಒಪ್ಪಿತ ಪದ್ಧತಿ. ಒಂದನ್ನು ಬಿಚ್ಚುವಾಗ ಇನ್ನೊಂದು ಕೆಲಸದಲ್ಲಿರಲೆಂದು ಜೋಡಿ ವಾಲ್ವು ಇಡುತ್ತಾರೆ.

ಉಳಿದದ್ದು ಸಣ್ಣಪುಟ್ಟದ್ದು, ಆದರೆ ಸಣ್ಣದೇ ಕೈಕೊಡುವುದು. ಎಸಿ ಮೆಕ್ಯಾನಿಕ್ಕಿನ ಹಿತ್ತಾಳೆ ಗೇಜು ಸೆಟ್ಟನ್ನು ಅಮೋನಿಯಕ್ಕೆ ಹಾಕಬಾರದು, ತೇವದ ಜೊತೆ ಅದು ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಬಾಗಿಲ ಹೊರಗಿರಬೇಕು, ಸೆಸ್ಕ್ ಕರೆಂಟು ಹೋದಾಗಲೂ ಜನರೇಟರಿನಿಂದ ತಿರುಗಬೇಕು. ಆವಿ ಹಗುರ, ಮೇಲಕ್ಕೆ ಹೋಗುತ್ತದೆ ಎಂದು ಪುಸ್ತಕ ಹೇಳುತ್ತದೆ, ಆದರೆ ದ್ರವವಾಗಿ ಚಿಮ್ಮಿದ್ದು ಗಾಳಿಯ ತೇವ ಹಿಡಿದು ಬಿಳಿ ಮಂಜಾಗಿ ನೆಲ ಹಿಡಿದೇ ಹರಿಯುತ್ತದೆ. ಹಾಗಾಗಿ ಗೇಟಿನಿಂದ ಕಾಣುವಂತೆ ಗಾಳಿಚೀಲ ಇರಬೇಕು, ಓಡುವುದು ಗಾಳಿಗೆ ಅಡ್ಡಲಾಗಿ, ಗಾಳಿ ಬರುವ ಕಡೆಗೆ. ಕಣ್ಣಿಗೆ ಬಿದ್ದರೆ ಕನಿಷ್ಠ ಹದಿನೈದು ನಿಮಿಷ ನೀರು. ಆ ನಲ್ಲಿ ಕೋಣೆಯ ಹೊರಗಿರಬೇಕು.

ನೀರು ಅಮೋನಿಯವನ್ನು ಚೆನ್ನಾಗಿ ಹೀರುತ್ತದೆ, ಅದಕ್ಕೇ ಆವಿಯ ಮೇಲೆ ನೀರಿನ ತೆರೆ ಹಿಡಿಯುತ್ತಾರೆ. ನೆಲದಲ್ಲಿ ನಿಂತ ದ್ರವದ ಮೇಲೆ ನೀರು ಹಾಕಿದರೆ ಮಾತ್ರ ಅದು ಭುಗಿಲೆದ್ದು ಇನ್ನಷ್ಟು ಆವಿಯಾಗುತ್ತದೆ. ಹೀರಿದ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಮಂಡ್ಯದ ಕಡೆ ಚರಂಡಿ ನಾಲೆ ಸೇರುವುದು ತಡವಾಗುವುದಿಲ್ಲ, ನೀರಿನಲ್ಲಿ ಅಮೋನಿಯ ಅತಿ ಕಡಿಮೆ ಇದ್ದರೂ ಮೀನು ಸಾಯುತ್ತದೆ. ಒಂದು ಗುಂಡಿಯಲ್ಲಿ ಹಿಡಿದಿಟ್ಟು, ಮಾಲಿನ್ಯ ಮಂಡಳಿಗೆ ತಿಳಿಸಿ ವಿಲೇವಾರಿ ಮಾಡಬೇಕು.

ಹೊಸದಾಗಿ ಕಟ್ಟುವವರಿಗೆ

ಸಹಾಯಧನದ ಅರ್ಜಿಗಳಲ್ಲಿ ಸ್ಟೋರೇಜಿನ ಸಾಮರ್ಥ್ಯವನ್ನು ಕೋಣೆಯ 3.4 ಘನ ಮೀಟರಿಗೆ 1 ಟನ್ ಎಂದು ಎಣಿಸುತ್ತಾರೆ. 5,000 ಟನ್ನಿನದಾದರೆ 17,000 ಘನ ಮೀಟರ್. ಆ ಗಾತ್ರದಲ್ಲಿ ಅಮೋನಿಯವೇ ಸರಿ, ಆದರೆ ಅದನ್ನು ದಾಸ್ತಾನಿನ ಕೋಣೆಯ ಪೈಪುಗಳೊಳಗೆ ಓಡಿಸುವ ಬದಲು ಯಂತ್ರದ ಕೋಣೆಯಲ್ಲೇ ಇಟ್ಟು ಗ್ಲೈಕಾಲ್ ನೀರನ್ನು ತಣಿಸಿ ಒಳಗೆ ಕಳಿಸಿದರೆ ಗ್ಯಾಸಿನ ಪ್ರಮಾಣ ಬಹಳ ಇಳಿಯುತ್ತದೆ. ಕರೆಂಟು ಸ್ವಲ್ಪ ಹೆಚ್ಚು ತಿನ್ನುತ್ತದೆ. ಪಕ್ಕದಲ್ಲಿ ಶಾಲೆಯೋ ಬಡಾವಣೆಯೋ ಇದ್ದರೆ ಆ ಖರ್ಚು ದುಬಾರಿಯಲ್ಲ. ಬಾಳೆ ಮಾಗಿಸುವ ಕೋಣೆಗೆ 14ರಿಂದ 18 ಡಿಗ್ರಿ ಸಾಕಾದ್ದರಿಂದ ಆರ್-32ರಂಥ ಕಡಿಮೆ ಜಿಡಬ್ಲ್ಯುಪಿ ಗ್ಯಾಸಿನ ಯಂತ್ರ ಆಗುತ್ತದೆ. ಆದರೆ ಆರ್-32 ನಿಧಾನವಾಗಿಯಾದರೂ ಉರಿಯುತ್ತದೆ, ಗ್ಯಾಸಿನ ತೂಕ ಕೋಣೆಯ ಗಾತ್ರಕ್ಕೆ ಹೊಂದಬೇಕು. ನಡುವಿನ ಗಾತ್ರದ ಫ್ರೀಜರ್ ಕೋಣೆಗಳಿಗೆ ಜಿಡಬ್ಲ್ಯುಪಿ 1400ರ ಆಸುಪಾಸಿನ ಆರ್-448ಎ, ಆರ್-449ಎ ಸದ್ಯದ ಸಮಾಧಾನ. ಇಂಗಾಲದ ಡೈಆಕ್ಸೈಡನ್ನೇ ಗ್ಯಾಸಾಗಿ ಬಳಸುವ ಯಂತ್ರಗಳನ್ನು ಮಾರುವವರು ಬಂದರೆ ಮಾರ್ಚ್–ಮೇ ತಿಂಗಳಿನ ವಿದ್ಯುತ್ ಲೆಕ್ಕವನ್ನು ಪ್ರತ್ಯೇಕವಾಗಿ ಕೇಳಿ. 31 ಡಿಗ್ರಿ ದಾಟಿದರೆ ಅದು ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ, ನಮ್ಮ ಬೇಸಿಗೆಯ ಮಧ್ಯಾಹ್ನ ಪೂರ್ತಿ ಅದೇ ಸ್ಥಿತಿ.

ಕೊಟೇಶನ್ ಕೇಳುವಾಗ ಗ್ಯಾಸಿನ ಹೆಸರು, ಒಟ್ಟು ಕಿಲೋ, ಎಣ್ಣೆಯ ಬಗೆ, ವಿನ್ಯಾಸದ ಒತ್ತಡ, ಈ ನಾಲ್ಕನ್ನೂ ಬರೆದುಕೊಡಲು ಹೇಳಿ. ಅದೇ ನಾಲ್ಕು ಯಂತ್ರದ ಮೇಲಿನ ತಗಡಿನಲ್ಲೂ ಇರಲಿ. ಗ್ಯಾಸ್ ಬದಲಿಸಿದ ದಿನ ತಗಡೂ ಬದಲಾಗಬೇಕು. ಇಲ್ಲದಿದ್ದರೆ ಮುಂದಿನ ಮೆಕ್ಯಾನಿಕ್ ಒಳಗೆ ಆರ್-22 ಇದೆಯೆಂದು ಆರ್-407ಸಿ ಮೇಲೆ ಅದನ್ನೇ ತುಂಬುತ್ತಾನೆ. ಹಳೆಯ ಯಂತ್ರವನ್ನು ಗುಜರಿಯವರಿಗೆ ಕೊಡುವ ಮೊದಲು ರಿಕವರಿ ಯಂತ್ರದಿಂದ ಗ್ಯಾಸನ್ನು ಪ್ರತ್ಯೇಕ ಸಿಲಿಂಡರಿಗೆ ತೆಗೆಸಿ, ಸಿಲಿಂಡರಿನ ಸಾಮರ್ಥ್ಯದ ಶೇ 80ಕ್ಕಿಂತ ಹೆಚ್ಚು ತುಂಬಿಸಬೇಡಿ. ಅಲ್ಲಿಂದ ಬಂದ ಐದಾರು ಕಿಲೋ ಆರ್-22 ಶುದ್ಧವಾಗಿದ್ದರೆ, ಪಕ್ಕದ ಊರಿನ ಡೇರಿಯಲ್ಲಿ ಇನ್ನೂ ಓಡುತ್ತಿರುವ ಹಳೆಯ ಬಿಎಂಸಿಯ ಮುಂದಿನ ರಿಪೇರಿಗೆ ಅದೇ ಆಗುತ್ತದೆ.